ನಾಲ್ಕು ಹರದಾರಿಯ ಪರದೇಶ

ನಮ್ಮ ಕಡೆ ‘ಪರದೇಶಿ’ ಅಂದರೆ ಬೇರೆ ದೇಶದವನು ಅಂತಷ್ಟೇ ಅರ್ಥವಲ್ಲ. ದಿಕ್ಕಿಲ್ಲದವನು, ಹಿಂದೆ ಮುಂದೆ ಯಾರೂ ಇಲ್ಲದವನು ಅಂತಲೂ ಹೌದು. ‘ಪಾಪ, ಪರದೇಶಿ ಆಗ್ಯಾನ’ ಅನ್ನುತ್ತಾರೆ. ನನಗೆ ಒಂಬತ್ತು ವರ್ಷವಿದ್ದಾಗ ನಾವು ಮನೆಮಂದಿ ಎರಡೂ ಅರ್ಥದಲ್ಲಿ ಪರದೇಶಿಗಳಾದೆವು. ಹೋದದ್ದು ಬಹಳ ದೂರವೇನಲ್ಲ. ನಾಲ್ಕು ಹರದಾರಿ, ಹನ್ನೆರಡು ಮೈಲಿ.

ಯಲಬುರ್ಗಾ ತಾಲೂಕಿನ ಪಡುವಣ ಅಂಚಿನ ಎರೆಸೀಮೆಯಲ್ಲಿ ನಮ್ಮ ಹಳ್ಳಿ. ಅಲ್ಲಿಂದ ಗಜೇಂದ್ರಗಡದ ಗುಡ್ಡ ಕಾಣುತ್ತಿತ್ತು. ಕಾಣುತ್ತಿದ್ದ ಆ ಗುಡ್ಡ ಬೇರೆ ರಾಜ್ಯದ್ದು. ಅದು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆ, ನಮ್ಮ ಬಾಯಲ್ಲಿ ‘ಕುಂಪಣಿ ಸೀಮೆ’. ನಮ್ಮದು ಹೈದರಾಬಾದ್ ನಿಜಾಮನ ರಾಜ್ಯ, ‘ಮೊಗಲಾಯಿ’. ಕೊಪ್ಪಳ, ಯಲಬುರ್ಗಾ ಸಾಲಾರ್‌ಜಂಗರ ಜಹಗೀರು, ಕುಷ್ಟಗಿ, ಗಂಗಾವತಿ ಕಡೆ ನಿಜಾಮನದೇ ನೇರ ಆಳಿಕೆ. ಕುಷ್ಟಗಿಯವರಿಗೆ ಇಳಕಲ್ಲು ಪರದೇಶ, ಗಂಗಾವತಿಯವರಿಗೆ ಹೊಳೆಯಾಚೆಯ ಕಂಪ್ಲಿ, ಕೊಪ್ಪಳದವರಿಗೆ ಮುಂಡರಗಿ, ನಮಗೆ ಗಜೇಂದ್ರಗಡ. ನಡುವೆ ಇದ್ದದ್ದು ಬೇಸಿಗೆಯಲ್ಲಿ ಒಣಗುವ ಹಳ್ಳಗಳು ಮತ್ತು ಹಾದಿಯ ಮೇಲೆ ಒಂದು ಕರೋಡಗಿರಿ ನಾಕೆ. ಆಚೆಯಿಂದ ಒಂದು ಸೀರೆ ತಂದರೂ ನಾಕೆಯಲ್ಲಿ ಸುಂಕ ಕಟ್ಟಬೇಕು. ರೊಕ್ಕವೂ ಬೇರೆ. ನಮ್ಮದು ಚಾರ್‌ಮಿನಾರಿನ ಚಿತ್ರವಿದ್ದ ಹಾಲಿ ರೂಪಾಯಿ, ಅವರದು ಕಲದಾರ ರೂಪಾಯಿ. ಏಳು ಹಾಲಿ ಕೊಟ್ಟರೆ ಆರು ಕಲದಾರ. ಬೀಗತನ ಮಾತ್ರ ಎರಡೂ ಕಡೆ ಇತ್ತು. ನನ್ನ ಅವ್ವ ಆಚೆಯವಳು, ಮದುವೆಯಾಗಿ ಮೊಗಲಾಯಿಗೆ ಬಂದವಳು.

1947ರ ಆಗಸ್ಟ್ 15ರಂದು ಅಪ್ಪ ಕತ್ತಲೆ ಇರುವಾಗಲೇ ಎದ್ದು ಗಜೇಂದ್ರಗಡಕ್ಕೆ ಹೋಗಿ ಧ್ವಜ ಏರಿಸುವುದನ್ನು ನೋಡಿಕೊಂಡು ರಾತ್ರಿ ಬಂದ. ಧೋತರದ ಚುಂಗಿನಲ್ಲಿ ನಾಲ್ಕು ಸಕ್ಕರೆ ಅಚ್ಚು ಕಟ್ಟಿಕೊಂಡು ಬಂದಿದ್ದ. ನನಗೊಂದು, ತಮ್ಮನಿಗೊಂದು, ಉಳಿದೆರಡು ಆಯಿಗೆ ಮತ್ತು ಅವ್ವನಿಗೆ. ‘ಹೊರಗ ಹೋಗಿ ತಿನಬ್ಯಾಡ್ರಿ, ಇಲ್ಲೇ ತಿನ್ರಿ’ ಅಂದ. ಸಕ್ಕರೆಯನ್ನು ಯಾಕೆ ಬಾಗಿಲು ಹಾಕಿಕೊಂಡು ತಿನ್ನಬೇಕು ಅನ್ನುವುದು ನನಗೆ ತಿಳಿಯಲಿಲ್ಲ. ಆ ಜೂನ್‌ನಲ್ಲೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ತಾನು ಭಾರತಕ್ಕೂ ಸೇರುವುದಿಲ್ಲ, ಪಾಕಿಸ್ತಾನಕ್ಕೂ ಸೇರುವುದಿಲ್ಲ ಎಂದು ಫರ್ಮಾನು ಹೊರಡಿಸಿದ್ದ. ಸ್ಟೇಟ್ ಕಾಂಗ್ರೆಸ್ಸಿನ ಸ್ವಾಮಿ ರಮಾನಂದ ತೀರ್ಥರನ್ನು ಅದೇ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಬಂಧಿಸಿದ್ದರು. ನಮ್ಮ ನೆಲದಲ್ಲಿ ತ್ರಿವರ್ಣ ಧ್ವಜ ಹಿಡಿಯುವುದು ಗುನ್ನೆಯಾಗಿತ್ತು. ಇವೆಲ್ಲ ನಾನು ಮುಂದೆ ಮಾಸ್ತರಿಕೆಗೆ ಸೇರಿದ ಮೇಲೆ ಓದಿ ತಿಳಿದವು. ಆವತ್ತು ತಿಳಿದದ್ದು ಇಷ್ಟೇ: ಗುಡ್ಡದ ಆಚೆ ಹಬ್ಬ, ಈಚೆ ಬಾಯಿ ಮುಚ್ಚಿಕೊಳ್ಳಬೇಕು.

ದೀಪಾವಳಿ ಮುಗಿದು ಒಂದು ವಾರಕ್ಕೆ ಅಪ್ಪ ಮನೆ ಬಿಟ್ಟ.

ಅವನೊಬ್ಬನೇ ಅಲ್ಲ. ನಮ್ಮ ನಾಲ್ಕೂ ತಾಲೂಕಿನಿಂದ ಹುಡುಗರು, ಮಕ್ಕಳಿದ್ದವರು, ಗುರುಕುಲದಲ್ಲಿ ಕಲಿತವರು, ಅಕ್ಷರ ಬರದ ಒಕ್ಕಲಿಗರು ಗಡಿ ದಾಟಿದರು. ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಶಿಬಿರ ಕಟ್ಟಿದ್ದರು. ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರು ಮುಂದಾಳು. ನಮ್ಮ ತಾಲೂಕಿನವರೇ ಆದ ಸಂಗನಾಳದ ಪ್ರಭುರಾಜ ಪಾಟೀಲರ ಹೆಸರೂ ಮನೆಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿತ್ತು. ಅಪ್ಪ ಕುಕನೂರಿನ ವಿದ್ಯಾನಂದ ಗುರುಕುಲದಲ್ಲಿ ಎರಡು ವರ್ಷ ಇದ್ದು ಬಂದವನು. ಖಾದಿ ಉಡುವುದನ್ನೂ ಪತ್ರಿಕೆ ಓದುವುದನ್ನೂ ಅಲ್ಲೇ ಕಲಿತಿದ್ದ. ಹೋಗುವಾಗ ಅವ್ವ ಹೊಸ್ತಿಲಲ್ಲಿ ಅಡ್ಡ ನಿಂತಳು. ‘ನೀವು ಹೋದ್ರ ಈ ಮಕ್ಕಳನ್ನ ಯಾರ ಮುಂದ ಹಾಕ್ಲಿ?’ ಅಂದಳು. ಅಪ್ಪ ಮಾತಾಡಲಿಲ್ಲ. ಜೋಳದ ಹಗೇವು ತುಂಬಿದೆ, ಹಿಂಗಾರಿ ಬಿತ್ತಿಯಾಗಿದೆ, ರಾಶಿಯ ಹೊತ್ತಿಗೆ ಬರುತ್ತೇನೆ ಎಂದು ಆಯಿಗೆ ಹೇಳಿ ಹೊರಟ. ರಾಶಿಗೆ ಬರಲಿಲ್ಲ.

ಮುಂದೆ ನಾನು ಮಕ್ಕಳಿಗೆ ಗದರ್ ಪಕ್ಷದ ಪಾಠ ಮಾಡುವಾಗ, ಸುಭಾಷ್ ಬಾಬು ಜರ್ಮನಿಗೆ, ಜಪಾನಿಗೆ ಹೋದದ್ದನ್ನು ಹೇಳುವಾಗ, ಪರದೇಶದಲ್ಲಿ ನಿಂತು ಸ್ವದೇಶಕ್ಕಾಗಿ ಹೋರಾಡಿದವರು ಅನ್ನುವ ಮಾತು ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಸಮುದ್ರವಲ್ಲ, ಆ ಹಳ್ಳ. 1913ರಲ್ಲಿ ಅಮೆರಿಕದ ಪಡುವಣ ಕರಾವಳಿಯಲ್ಲಿ ಗದರ್ ಕಟ್ಟಿದವರಿಗೆ ಹಿಂದೆ ಬಿಟ್ಟುಬಂದ ಮನೆ ಕಾಣುತ್ತಿರಲಿಲ್ಲ. ಗುಡ್ಡ ಏರಿ ನಿಂತರೆ ನನ್ನಪ್ಪನಿಗೆ ನಮ್ಮೂರ ಕಡೆಯ ಹೊಲಗಳು ಕಾಣುತ್ತಿದ್ದವು. ಕಂಡೂ ಬರುವಂತಿರಲಿಲ್ಲ. ಯಾವುದು ಕಷ್ಟ ಅಂತ ನಾನು ತೂಗಿ ಹೇಳಲಾರೆ. ಆದರೆ ಗಡಿ ಶಿಬಿರದವರ ಕಥೆಯನ್ನು ಸಣ್ಣದು ಅಂತ ಯಾರಾದರೂ ಅಂದರೆ ನನಗೆ ಸಹಿಸಲಾಗುವುದಿಲ್ಲ.

ಅಪ್ಪ ಬಂದೂಕು ಹಿಡಿದವನಲ್ಲ. ಹಿಡಿದವರಿದ್ದರು. ಶಿಬಿರದಲ್ಲಿ ಬೆಳಗ್ಗೆ ಕವಾಯತು, ಲಾಠಿ, ಕೆಲವರಿಗೆ ಬಂದೂಕಿನ ಕಲಿಕೆ. ರಾತ್ರಿ ತಂಡ ಕಟ್ಟಿಕೊಂಡು ಮೊಗಲಾಯಿಯೊಳಗೆ ಇಳಿದು ಕರೋಡಗಿರಿ ನಾಕೆಯ ಮೇಲೆ ಬೀಳುವುದು, ಲೆವಿ ಕಾಳಿನ ದಫ್ತರ ಸುಡುವುದು, ನಿಜಾಮ ಸರಕಾರಕ್ಕೆ ಅಬಕಾರಿ ಹಣ ಬರುತ್ತಿದ್ದ ಈಚಲ ಗಿಡ ಕಡಿಯುವುದು ನಡೆಯುತ್ತಿತ್ತು. ಅಪ್ಪನ ಕೆಲಸ ಕರಪತ್ರ ಹೊರುವುದು. ಗಜೇಂದ್ರಗಡದಿಂದ ಮುಂಡರಗಿಗೆ, ಅಲ್ಲಿಂದ ಹಳ್ಳಿಹಳ್ಳಿಗೆ. ಮೇವಿನ ಹೊರೆಯೊಳಗೆ ಕಾಗದ ಇಟ್ಟು ತಲೆಯ ಮೇಲೆ ಹೊತ್ತು ಗಡಿ ದಾಟುತ್ತಿದ್ದೆ ಅನ್ನುತ್ತಿದ್ದ. ಮುಂಡರಗಿಯ ಹೆಸರು ಬಂದರೆ ಭೀಮರಾಯನ ಕಥೆ ಹೇಳದೆ ಮುಂದೆ ಹೋಗುತ್ತಿರಲಿಲ್ಲ. 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ ಇಂಗ್ರೇಜರ ವಿರುದ್ಧ ಎದ್ದು ಕೊಪ್ಪಳದ ಕೋಟೆ ಹಿಡಿದು ಅಲ್ಲೇ ಮಡಿದರಲ್ಲ, ‘ಅವರು ಆ ಕಡಿಂದ ಈ ಕಡೆ ಬಂದ್ರು, ನಾವು ಈ ಕಡಿಂದ ಆ ಕಡೆ ಹೋದ್ವಿ, ಹಾದಿ ಒಂದs’ ಅನ್ನುತ್ತಿದ್ದ.

ಮನೆಯಲ್ಲಿ ಉಳಿದ ನಮ್ಮ ಏಳು ತಿಂಗಳನ್ನು ಅಪ್ಪ ಎಂದೂ ಕಥೆಯಾಗಿ ಹೇಳಲಿಲ್ಲ. ಅವನಿಗೆ ಅದು ಗೊತ್ತಿರಲಿಲ್ಲ. ಅದನ್ನು ನಾನು ಹೇಳಬೇಕು.

ಮೊದಲು ಮಂದಿ ಬರುವುದು ನಿಂತಿತು. ಶಿಬಿರಕ್ಕೆ ಹೋದವನ ಮನೆ ಅಂತ ಗುರುತಾದ ಮೇಲೆ ಬೆಂಕಿ ಕೇಳಲೂ ಯಾರೂ ಬರುತ್ತಿರಲಿಲ್ಲ. ಬಾವಿಯ ಹತ್ತಿರ ಅವ್ವ ಹೋದರೆ ಮಾತು ನಿಲ್ಲುತ್ತಿತ್ತು. ಅವರನ್ನು ನಾನು ಬೈಯುವುದಿಲ್ಲ, ಅವರ ಮನೆಯಲ್ಲೂ ಮಕ್ಕಳಿದ್ದವು. ಬೇಸಿಗೆಯ ಹೊತ್ತಿಗೆ ಉಪ್ಪು, ಸೀಮೆಎಣ್ಣೆ ಸಿಗದಾದವು. ಗಡಿಯಾಚೆಯಿಂದ ಸಾಮಾನು ಬರುವುದು ನಿಂತಿತ್ತು. ಸಂಜೆ ದೀಪ ಹಚ್ಚದೆ ಉಂಡು ಮಲಗುತ್ತಿದ್ದೆವು. ದೂರದ ಊರುಗಳ ಸುದ್ದಿ ಬರುತ್ತಿತ್ತು: ನಿಜಾಮನ ಪರ ನಿಂತ ಖಾಸಿಂ ರಜ್ವಿಯ ರಜಾಕಾರರು ಅಲ್ಲಿ ಊರು ಸುಟ್ಟರು, ಇಲ್ಲಿ ಹೊಡೆದರು. ಕತ್ತಲೆಯಲ್ಲಿ ಕೇಳಿದ ಸುದ್ದಿ ಕತ್ತಲೆಯಷ್ಟೇ ದೊಡ್ಡದಾಗುತ್ತಿತ್ತು.

ಆಗಲೂ ನಮ್ಮ ಮನೆಗೆ ದಿನಾ ಬರುತ್ತಿದ್ದವನು ಪಿಂಜಾರ ಕಾಕಾ ಒಬ್ಬನೇ. ನಮ್ಮ ಗೋಡೆಗೆ ಹೊಂದಿಕೊಂಡು ಅವನ ಗೋಡೆ. ಹತ್ತಿ ಹಿಂಜುವುದು, ಗಾದಿ ಹೊಲಿಯುವುದು ಅವನ ಕಸುಬು. ಅವನ ಬಿಲ್ಲಿನ ‘ಟೈಂ ಟೈಂ’ ಸದ್ದು ಕೇಳುತ್ತಲೇ ನಾನು ಬೆಳೆದದ್ದು. ಅಲಾಯಿ ಹಬ್ಬದಲ್ಲಿ ದೇವರು ಹಿಡಿಯುತ್ತಿದ್ದವನೂ ಅವನೇ. ಊರ ಗೌಡರಿಂದ ಹಿಡಿದು ಎಲ್ಲರೂ ಆ ದೇವರಿಗೆ ಸಕ್ಕರೆ ಓದಿಸುತ್ತಿದ್ದರು. ಅಪ್ಪ ಹೋದ ಮೇಲೆ ನಮ್ಮ ಎತ್ತಿಗೆ ಮೇವು ಹಾಕುವುದು, ಜೋಳದ ರಾಶಿಗೆ ಆಳು ಹುಡುಕುವುದು ಅವನ ಪಾಲಾಯಿತು. ‘ತಮ್ಮ ಊರಾಗಿಲ್ಲ, ನಾ ಅದೀನಲ್ಲ’ ಅನ್ನುತ್ತಿದ್ದ. ಅಪ್ಪನನ್ನು ತಮ್ಮ ಎಂದೇ ಕರೆಯುತ್ತಿದ್ದ.

1948ರ ಕಾರಹುಣ್ಣಿಮೆ ಕಳೆದು ನಾಲ್ಕನೆಯ ರಾತ್ರಿ. ಎತ್ತಿನ ಕೋಡಿಗೆ ಬಳಿದ ಕೆಂಪು ಬಣ್ಣ ಇನ್ನೂ ಹೋಗಿರಲಿಲ್ಲ. ಕಾಕಾ ಹಿತ್ತಲ ಗೋಡೆ ಜಿಗಿದು ಬಂದು ಅವ್ವನನ್ನು ಎಬ್ಬಿಸಿದ. ‘ಯವ್ವಾ, ಏಳು. ಶಿಬಿರಕ್ಕ ಹೋದವರ ಮನಿ ಕೇಳಿಕೋತ ಬರಾಕತ್ತಾರ. ಮಕ್ಕಳ್ನ ತಗೊ’ ಅಂದ. ಬಂದವರು ಯಾರು, ಯಾರು ಕಳಿಸಿದವರು ಎಂದು ನಾನು ಕಣ್ಣಾರೆ ಗುರುತಿಸಲಿಲ್ಲ. ಅದಕ್ಕೇ ಯಾರ ಹೆಸರನ್ನೂ ಹೇಳುವುದಿಲ್ಲ. ಕುದುರೆಯ ಸದ್ದು ಕೇಳಿದೆ, ಊರ ಮುಂದೆ ಪಂಜಿನ ಬೆಳಕು ಕಂಡೆ. ಆಯಿ ಕಂಬ ಹಿಡಿದು ಕೂತುಬಿಟ್ಟಳು. ‘ಹೊಲ ಮನಿ ಬಿಟ್ಟು ನಾ ಬರಂಗಿಲ್ಲ. ಮುದುಕಿನ್ನ ಕೊಂದು ಏನ್ ಮಾಡ್ತಾರ?’ ಅಂದಳು. ಎಳೆದಾಡಲು ಹೊತ್ತಿರಲಿಲ್ಲ.

ತಮ್ಮನಿಗೆ ಮೂರು ವರ್ಷ. ಕಾಕಾ ಅವನನ್ನು ಹೆಗಲ ಮೇಲೆ ಹಾಕಿಕೊಂಡ. ಅಳಬಾರದು ಅಂತ ಅವನ ಬಾಯಿಗೆ ಒಂದು ಬೆಲ್ಲದ ಹೆಂಟೆ ಇಟ್ಟ. ಹಾದಿ ಹಿಡಿದರೆ ನಾಕೆ, ಹಾಗಾಗಿ ಹೊಲ ಹಿಡಿದು ನಡೆದೆವು. ಮಳೆಯಾಗಿತ್ತು. ಎರೆಮಣ್ಣು ಗೊತ್ತಿದ್ದವರಿಗೆ ಗೊತ್ತು, ಹಸಿಯಾದರೆ ಹೆಜ್ಜೆಗೊಂದು ಸೇರು ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ. ನನ್ನ ಕಾಲು ಏಳುತ್ತಿರಲಿಲ್ಲ. ಬೆಳೆ ಇನ್ನೂ ಗೇಣು ಎತ್ತರವಿರಲಿಲ್ಲ, ಅಡಗಲು ಮರೆಯಿಲ್ಲ. ಎಲ್ಲೋ ನಾಯಿ ಬೊಗಳಿದರೆ ಮಣ್ಣಿನಲ್ಲಿ ಬೋರಲು ಮಲಗುವುದು, ಮತ್ತೆ ಏಳುವುದು. ಹಿಂದೆ ತಿರುಗಿ ನೋಡಿದರೆ ಊರ ಮೇಲೆ ಬೆಳಕು. ನಮ್ಮ ಮನೆಯೋ ಬಣವೆಯೋ ತಿಳಿಯಲಿಲ್ಲ. ಅವ್ವ ಒಮ್ಮೆಯೂ ತಿರುಗಿ ನೋಡಲಿಲ್ಲ. ಹಳ್ಳದ ದಂಡೆಗೆ ಬಂದಾಗ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಆಚೆ ದಡ ಭಾರತ. ಕಾಕಾ ತಮ್ಮನನ್ನು ದಾಟಿಸಿ, ನನ್ನನ್ನು ದಾಟಿಸಿ, ಅವ್ವ ದಾಟುವವರೆಗೆ ನೀರಿನಲ್ಲೇ ನಿಂತಿದ್ದ. ‘ಇನ್ನ ನೀವು ನಡೀರಿ. ಬೆಳಗಾಗೂದ್ರಾಗ ನಾ ಮನಿ ಮುಟ್ಟಬೇಕು, ಹಗೇವಿನ ಬಾಯಿ ಮುಚ್ಚೂದು ಐತಿ’ ಅಂದ. ಆ ಗಡಿಬಿಡಿಯಲ್ಲೂ ಅವನಿಗೆ ನಮ್ಮ ಕಾಳಿನ ನೆನಪಿತ್ತು.

ಬೆಳಗ್ಗೆ ಗಜೇಂದ್ರಗಡದಲ್ಲಿ ಅಪ್ಪ ನಮ್ಮನ್ನು ನೋಡಿದ. ಏಳು ತಿಂಗಳ ಮೇಲೆ. ತಮ್ಮ ಅವನ ಗುರುತು ಹಿಡಿಯದೆ ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡ.

ನಮ್ಮಂಥ ಸಂಸಾರಗಳು ಅಲ್ಲಿ ಬಹಳ ಇದ್ದವು. ಮಠ, ಗುಡಿ, ನೇಕಾರರ ಮನೆಗಳ ಪಡಸಾಲೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ. ಊರಿನವರು ಕಾಳು ಕೊಟ್ಟರು, ಹಳೆ ಸೀರೆ ಕೊಟ್ಟರು. ಅವರ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಕೊಡುವ ಕೈ ಎಷ್ಟೇ ದೊಡ್ಡದಿರಲಿ, ಚಾಚುವ ಕೈಗೆ ಅಭ್ಯಾಸವಿರಬೇಕಲ್ಲ. ಅವ್ವ ಸೊಂಟದಲ್ಲಿ ಕಟ್ಟಿಕೊಂಡು ಬಂದ ಹಾಲಿ ರೂಪಾಯಿ ಹದಿನಾಲ್ಕಿದ್ದವು. ಲೆಕ್ಕದ ಪ್ರಕಾರ ಹನ್ನೆರಡು ಕಲದಾರ ಬರಬೇಕು. ಒಬ್ಬ ಅಂಗಡಿಯವನು ಎಂಟು ಕೊಡುತ್ತೇನೆ ಅಂದ, ಇನ್ನೊಬ್ಬ ಮುಟ್ಟಲೇ ಇಲ್ಲ. ‘ನಾಳೆ ನಿಜಾಮ ಇರತಾನೋ ಇಲ್ಲೋ, ಈ ರೊಕ್ಕ ಯಾರಿಗೆ ಬೇಕು’ ಅಂದನಂತೆ. ತವರಿನ ಸೀಮೆಯಲ್ಲೇ ಅವ್ವನ ರೊಕ್ಕ ನಡೆಯಲಿಲ್ಲ. ಆ ರಾತ್ರಿ ಅವಳು ಅತ್ತದ್ದನ್ನು ನಾನು ಕಂಡೆ. ಮನೆ ಬಿಡುವಾಗ ಅತ್ತಿರಲಿಲ್ಲ.

ಒಳ್ಳೆಯದೂ ಒಂದು ಆಯಿತು. ಶಿಬಿರದ ಒಬ್ಬ ಹುಡುಗ ಸಂಜೆ ಮಕ್ಕಳನ್ನು ಕೂಡಿಸಿ ಉಸುಕಿನ ಮೇಲೆ ಅ ಆ ಇ ಈ ತಿದ್ದಿಸುತ್ತಿದ್ದ. ಮೊಗಲಾಯಿಯಲ್ಲಿ ಸರಕಾರದ ಭಾಷೆ ಉರ್ದು, ಕಚೇರಿ ಉರ್ದು, ಮೇಲಿನ ಓದು ಉರ್ದು. ನಮ್ಮ ಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಯಾವ ಸಾಲೆಯೂ ಇರಲಿಲ್ಲ. ನನ್ನ ಹೆಸರನ್ನು ಕನ್ನಡದಲ್ಲಿ ಮೊದಲು ಬರೆದದ್ದು ನಾನು ನಿರಾಶ್ರಿತಳಾಗಿದ್ದಾಗ. ಮುಂದೆ ಮೂವತ್ತು ವರ್ಷ ಮಾಸ್ತರಿಕೆ ಮಾಡಿದ್ದು ಆ ಉಸುಕಿನ ಅಕ್ಷರದಿಂದಲೇ.

ಶ್ರಾವಣದಲ್ಲಿ ಮಳೆ ಹಿಡಿಯಿತು. ಪಡಸಾಲೆ ಸೋರುತ್ತಿತ್ತು, ಮಕ್ಕಳಿಗೆ ಒಬ್ಬರ ನಂತರ ಒಬ್ಬರಿಗೆ ವಾಂತಿಭೇದಿ. ಪಂಚಮಿ ಆಗಿ ವಾರಕ್ಕೆ ತಮ್ಮ ಹಾಸಿಗೆ ಹಿಡಿದ. ಅಪ್ಪ ಕರಪತ್ರ ಹೊತ್ತು ಮುಂಡರಗಿಗೆ ಹೋಗಿದ್ದ. ಹೇಳಿಕಳಿಸಿದರು. ಎರಡು ದಿನ ಅವ್ವ ಅವನ ಬಾಯಿಗೆ ಗಂಜಿಯ ತಿಳಿ, ಉಪ್ಪು ಹಾಕಿದ ನೀರು ಹನಿಹನಿ ಬಿಟ್ಟಳು. ಮೂರನೆಯ ದಿನ ನಸುಕಿನಲ್ಲಿ ನನ್ನನ್ನು ಎಬ್ಬಿಸಿ, ‘ತಮ್ಮನ ಕಾಲು ಹಿಡಕೊ, ತಣ್ಣಗಾಗ್ಯಾವ’ ಅಂದಳು. ನಾನು ಎರಡೂ ಅಂಗೈಯಲ್ಲಿ ಹಿಡಿದುಕೊಂಡೆ. ಬೆಚ್ಚಗಾಗಲಿಲ್ಲ.

ಕಾಲಕಾಲೇಶ್ವರನ ಗುಡ್ಡದ ಬುಡದ ಕಡೆ ಮಣ್ಣು ಮಾಡಿದರು. ಅಪ್ಪ ಬಂದದ್ದು ಮರುದಿನ ಮಧ್ಯಾಹ್ನ. ಕುಣಿಯ ಮೇಲೆ ಕಲ್ಲು ಜೋಡಿಸಿ, ಕೆರೆಯಿಂದ ನೀರು ತಂದು ಹಾಕಿ, ಸಂಜೆ ಮತ್ತೆ ಶಿಬಿರಕ್ಕೆ ಹೋದ. ಅವ್ವ ಅವನೊಡನೆ ತಿಂಗಳವರೆಗೆ ಮಾತಾಡಲಿಲ್ಲ. ಯಾರದು ಸರಿ ಎಂದು ಕೇಳಿದರೆ ಈಗಲೂ ನನಗೆ ಹೇಳಲಾಗುವುದಿಲ್ಲ. ಆದರೆ ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿ ಓದುವಾಗ ಆ ಮೂರು ವರ್ಷದ ಹುಡುಗನ ಹೆಸರನ್ನು ನಾನು ಮನಸ್ಸಿನಲ್ಲಿ ಸೇರಿಸಿ ಓದುತ್ತೇನೆ.

ಗಣೇಶ ಚೌತಿ ಆದ ಮುಂದಿನ ವಾರ, ಸೆಪ್ಟೆಂಬರ್ 13ರಂದು, ಭಾರತದ ಸೈನ್ಯ ಎಲ್ಲ ದಿಕ್ಕಿನಿಂದ ಹೈದರಾಬಾದ್ ರಾಜ್ಯದೊಳಗೆ ಇಳಿಯಿತು. ನಮ್ಮ ಕಡೆ ಹೊಸಪೇಟೆಯಿಂದ ಬಂದ ಪಡೆ ತುಂಗಭದ್ರೆಯ ಸೇತುವೆ ಹಿಡಿಯಿತು. ಐದು ದಿನ. 17ರ ಸಂಜೆ ನಿಜಾಮ ಸೋಲೊಪ್ಪಿದ ಸುದ್ದಿ ರೇಡಿಯೋದಲ್ಲಿ ಬಂದಾಗ ಗಜೇಂದ್ರಗಡದಲ್ಲಿ ಹಲಗೆ ಬಾರಿಸಿದರು, ಗುಲಾಲು ಎರಚಿದರು. ದೇಶಕ್ಕೆ ಬಂದ ಹದಿಮೂರು ತಿಂಗಳ ಮೇಲೆ ನಮಗೂ ಬಂತು. ಅವ್ವ ಗುಲಾಲು ಹಚ್ಚಿಸಿಕೊಳ್ಳಲಿಲ್ಲ, ಗಂಟು ಕಟ್ಟತೊಡಗಿದಳು.

ಊರು ಮುಟ್ಟಿದ್ದು ಹದಿನೈದು ದಿನ ಬಿಟ್ಟು. ಆಯಿ ಬದುಕಿದ್ದಳು. ಮನೆಯ ಮಾಳಿಗೆ ಅರ್ಧ ಸುಟ್ಟಿತ್ತು, ಬಣವೆ ಬೂದಿ, ಎತ್ತು ಇಲ್ಲ. ತಮ್ಮನ ಸುದ್ದಿ ಕೇಳಿ ಆಯಿ ಎದೆ ಬಡಿದುಕೊಂಡಳು. ಅದು ಮುಗಿದ ಮೇಲೆ ಅವ್ವ ಕೇಳಿದ ಮೊದಲ ಮಾತು, ‘ಕಾಕಾ ಎಲ್ಲಿ?’

ಪಕ್ಕದ ಮನೆಯ ಬಾಗಿಲು ಕಿತ್ತುಹೋಗಿತ್ತು. ಬಿಲ್ಲು ಅಂಗಳದಲ್ಲಿ ಎರಡು ತುಂಡಾಗಿ ಬಿದ್ದಿತ್ತು. ಸೈನ್ಯ ಬಂದ ನಾಲ್ಕೈದು ದಿನಕ್ಕೆ ಅಕ್ಕಪಕ್ಕದ ಊರಿನಿಂದ ಒಂದು ಗುಂಪು ಬಂದು ‘ಮುಸಲರ ಮನಿ ಯಾವುದು’ ಎಂದು ಕೇಳುತ್ತ ತಿರುಗಿದ್ದರಂತೆ. ಕಾರಹುಣ್ಣಿಮೆಯಾದಾಗ ನಮ್ಮ ಮನೆ ಕೇಳಿದ ಹಾಗೆಯೇ. ಕಾಕಾ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ರಾತ್ರೋರಾತ್ರಿ ರಾಯಚೂರ ಕಡೆ ಹೋದ. ಆ ತಿಂಗಳುಗಳಲ್ಲಿ ಹೈದರಾಬಾದ್ ಸೀಮೆಯ ಹಲವು ಕಡೆ ಇಂಥದ್ದು ನಡೆಯಿತು. ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಭಾರತ ಸರಕಾರವೇ ಒಂದು ತಂಡ ಕಳಿಸಿ ವಿಚಾರಿಸಿತು. ಆ ವರದಿ ಬಹುಕಾಲ ಹೊರಗೆ ಬರಲಿಲ್ಲ. ವಿಮೋಚನೆಯ ಕಥೆ ಹೇಳುವವರು ಇದನ್ನು ಬಿಟ್ಟು ಹೇಳುತ್ತಾರೆ. ನಾನು ಬಿಡಲಾರೆ, ಯಾಕೆಂದರೆ ನನ್ನನ್ನು ಹಳ್ಳ ದಾಟಿಸಿದವನು ಅವನು.

ಹಗೇವು ಎಲ್ಲಿದೆ ಅನ್ನುವುದೇ ಗುರುತು ಸಿಗುವಂತಿರಲಿಲ್ಲ. ಅದರ ಮೇಲೆ ಕಾಕಾ ತಿಪ್ಪೆ ಹಾಕಿದ್ದ. ಬಂದವರು ತಿಪ್ಪೆ ಕೆದಕಲಿಲ್ಲ. ಅಪ್ಪ ಗೊಬ್ಬರ ಸರಿಸಿ, ಮಣ್ಣು ತೆಗೆದು ಬಾಯಿಯ ಕಲ್ಲು ಎತ್ತಿದ. ಹಗೇವಿಗೆ ತಟ್ಟನೆ ಇಳಿಯಬಾರದು, ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟುತ್ತದೆ. ಅವ್ವ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟಳು. ಆರಿತು. ಅರ್ಧ ದಿನ ಬಿಟ್ಟು ಮತ್ತೆ ಇಳಿಬಿಟ್ಟಳು. ಆರಲಿಲ್ಲ. ಅಪ್ಪ ಇಳಿದ. ಮೇಲಿನ ಒಂದು ಪದರ ಕಮಟು ಹಿಡಿದಿತ್ತು, ಕೆಳಗೆ ಜೋಳ ಹಾಗೇ ಇತ್ತು. ಕಾಳಿನ ನಡುವೆ ಒಂದು ತಾಮ್ರದ ಕೊಡ ಹುಗಿದಿತ್ತು. ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಎರಡು ಬೆಳ್ಳಿ ಕಡಗ ಮತ್ತು ಅಲಾಯಿ ದೇವರ ಪಂಜಾ. ಆಯಿ ಹೇಳಿದಳು: ‘ನಿಮ್ಮ ಕಾಳು ಉಳದ್ರ ನಂದೂ ಉಳಿತೈತಿ ಅಂತ ಇಟ್ಟಾನ.’

ಆ ಜೋಳವನ್ನೇ ಬೀಜ ಮಾಡಿ, ಇನ್ನೊಬ್ಬರ ಎತ್ತು ಕಡ ತಂದು ಹಿಂಗಾರಿ ಬಿತ್ತಿದೆವು. ಅವ್ವ ಕೂರಿಗೆಯ ಹಿಂದೆ ನಡೆದಳು. ನವೆಂಬರಿನಲ್ಲಿ ಅಲಾಯಿ ಹಬ್ಬ ಬಂತು. ದೇವರು ಹಿಡಿಯುವವನಿರಲಿಲ್ಲ. ಕುಣಿ ತೋಡಲಿಲ್ಲ, ಬೆಂಕಿ ಹಾಕಲಿಲ್ಲ. ಆ ಹತ್ತು ದಿನ ಅವ್ವ ಪಂಜಾದ ಮುಂದೆ ಒಂದು ದೀಪ ಇಡುತ್ತಿದ್ದಳು. ಅಪ್ಪನಿಗೆ ಒಮ್ಮೆ ಕೇಳಿದಳು, ‘ಇಷ್ಟು ಮಂದಿ ಶಿಬಿರದಾಗ ಇದ್ರಿ, ಅವನೊಬ್ಬನ್ನ ಕಾಯಾಕ ಯಾರೂ ಸಿಗಲಿಲ್ಲೇನ್ರಿ?’ ಅಪ್ಪ ತಲೆ ತಗ್ಗಿಸಿ ಕೂತ. ಮುಂದೆ ಜೈಲಿಗೆ ಹೋದವರಿಗೆ ಜೈಲಿನ ಕಾಗದದ ಮೇಲೆ ಪಿಂಚಣಿ ಬಂತು, ಶಿಬಿರದವರನ್ನು ಬಹಳ ತಡವಾಗಿ ಒಪ್ಪಿದರು. ಅಪ್ಪ ಅರ್ಜಿ ಹಾಕಲಿಲ್ಲ. ಕಾರಣ ಯಾರಿಗೂ ಹೇಳಲಿಲ್ಲ, ನಾನು ಈ ಪ್ರಶ್ನೆಯೇ ಕಾರಣವಿರಬೇಕು ಅಂದುಕೊಂಡಿದ್ದೇನೆ.

ಮರುವರ್ಷ ಯುಗಾದಿ ಮುಂದೆ ಇರುವಾಗ ಕಾಕಾ ಬಂದ. ಒಬ್ಬನೇ. ಗಡ್ಡ ಬೆಳ್ಳಗಾಗಿತ್ತು. ನಮ್ಮ ಪಡಸಾಲೆಯಲ್ಲಿ ಕೂತು ರೊಟ್ಟಿ ಉಂಡ. ತಮ್ಮನನ್ನು ಕೇಳಿದ. ಅವ್ವ ಹೇಳಿದಳು. ಕೈಯಲ್ಲಿದ್ದ ತುತ್ತು ತಾಟಿನಲ್ಲಿ ಇಟ್ಟು, ‘ನಾನs ಹೊತ್ತು ದಾಟಿಸಿದ್ನೆಲ್ಲವ್ವಾ’ ಅಂದ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಇಲ್ಲೇ ಇರು ಎಂದು ಅಪ್ಪ ಹೇಳಿದ. ಬಾಗಿಲು ಹಚ್ಚಿಸಿಕೊಡುತ್ತೇನೆ, ಬಿಲ್ಲು ಮಾಡಿಸಿಕೊಡುತ್ತೇನೆ ಅಂದ. ಮಕ್ಕಳು ಅಂಜುತ್ತಾರೆ ಅಂದ ಕಾಕಾ. ಮನೆಯನ್ನು ಬಂದ ಬೆಲೆಗೆ ಮಾರಿದ. ಪಂಜಾ ಊರಿಗೆ ಸೇರಿದ್ದು ಎಂದು ಅವ್ವನ ಕೈಗೇ ಕೊಟ್ಟ. ಕಡಗ ಸೊಂಟಕ್ಕೆ ಕಟ್ಟಿಕೊಂಡು, ತಾಮ್ರದ ಕೊಡ ಹೆಗಲಿಗೇರಿಸಿ ಹೊರಟ. ಅಪ್ಪ ಕೊಡ ಇಸಿದುಕೊಂಡು ತಾನು ಹೊತ್ತ. ರೈಲು ಹತ್ತಿಸಲು ಬನ್ನಿಕೊಪ್ಪದ ಸ್ಟೇಷನ್ನಿನವರೆಗೆ ಇಬ್ಬರೂ ನಡೆದು ಹೋದರು. ಅಗಸೆ ದಾಟುವವರೆಗೆ ನಾನು ಹಿಂದೆ ಹೋದೆ. ಅವರು ಮಾತಾಡುತ್ತಿರಲಿಲ್ಲ. ಅಪ್ಪ ತಿರುಗಿ ಬಂದಾಗ ನಡುರಾತ್ರಿ. ಅವ್ವ ರೊಟ್ಟಿ ಮುಚ್ಚಿಟ್ಟು ಕಾಯುತ್ತಿದ್ದಳು. ಅವನು ಕಾಲು ತೊಳೆದು, ಉಣ್ಣದೆ, ಆಚೆಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತ.